ಎಪ್ಪತ್ತೊಂದು ಡಿಗ್ರಿ

ಪಾತ್ರೆಯ ನೀರು ಅರವತ್ತು ಡಿಗ್ರಿ ದಾಟಿತ್ತು. ಗ್ಯಾರೇಜಿನ ಹಿಂಬದಿಯ ಮೂಲೆಯಲ್ಲಿ, ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕೂತು ಮೇಸ್ತ್ರಿ ಸ್ಟೋವಿನ ಮೇಲಿನ ಪಾತ್ರೆಯನ್ನೇ ನೋಡುತ್ತಿದ್ದ. ಪಾತ್ರೆಯ ಬಾಯಿಗೆ ಅಡ್ಡಲಾಗಿಟ್ಟ ಸ್ಕ್ರೂಡ್ರೈವರಿನಿಂದ ಎರಡು ನೂಲು ಇಳಿಬಿದ್ದಿದ್ದವು. ಒಂದೊಂದರ ತುದಿಯಲ್ಲೂ ಒಂದೊಂದು ಥರ್ಮೋಸ್ಟಾಟು, ನೂಲನ್ನು ಮುಚ್ಚಿದ ಬಾಯಲ್ಲಿ ಕಚ್ಚಿಕೊಂಡು ನೀರಿನೊಳಗೆ ನೇತಾಡುತ್ತಿತ್ತು. ನಿಂಬೆಹಣ್ಣಿಗಿಂತ ಒಂದಿಷ್ಟು ದೊಡ್ಡದಾದ ಹಿತ್ತಾಳೆಯ ವಸ್ತು. ಎಂಜಿನ್ನು ಕಾಯುವ ತನಕ ನೀರನ್ನು ಒಳಗೇ ತಡೆದಿಟ್ಟು, ಕಾದಮೇಲೆ ಬಾಯಿಬಿಟ್ಟು ರೇಡಿಯೇಟರಿಗೆ ಕಳಿಸುವುದು, ಅಷ್ಟೇ ಅದರ ಕೆಲಸ. ಒಳಗೊಂದು ಚೂರು ಮೇಣವಿರುತ್ತದೆ, ಅದು ಕರಗಿದಾಗ ಬಾಯಿ ತೆರೆಯುತ್ತದೆ. ಒಂದರ ಅಂಚಿನಲ್ಲಿ ಎಪ್ಪತ್ತೊಂದು ಎಂದು ಕೊರೆದಿತ್ತು, ಇನ್ನೊಂದರಲ್ಲಿ ಎಂಬತ್ತೆಂಟು. ಎರಡೂ ಹೊಸವು, ಆಗಷ್ಟೇ ಪೊಟ್ಟಣ ಒಡೆದವು. ಅವನ್ನು ಬಿಸಿನೀರಿಗೆ ಹಾಕಿ ಪರೀಕ್ಷೆ ಮಾಡುವ ಅಗತ್ಯ ಯಾರಿಗೂ ಇರಲಿಲ್ಲ. ಆದರೆ ನೀರು ಕಾಯುವಷ್ಟು ಹೊತ್ತು ಯಾರೂ ತನ್ನನ್ನು ಏನೂ ಕೇಳುವುದಿಲ್ಲ ಎಂಬುದು ಮೇಸ್ತ್ರಿಗೆ ಗೊತ್ತಿತ್ತು, ಅದಕ್ಕೇ ಕೂತಿದ್ದ.

ಟಣ್ ಎಂದು ಸದ್ದಾಯಿತು. ಎಪ್ಪತ್ತೊಂದರದು ಬಾಯಿಬಿಟ್ಟು ನೂಲಿನಿಂದ ಕಳಚಿ ತಳಕ್ಕೆ ಬಿದ್ದಿತ್ತು. ನೀರಿಗಿಳಿಸಿದ್ದ ಥರ್ಮಾಮೀಟರು ನೋಡಿದರೆ, ಕೊರೆದ ಅಂಕಿಗೆ ಒಂದು ಡಿಗ್ರಿಯೂ ಹೆಚ್ಚುಕಡಿಮೆ ಇಲ್ಲ. ಅದು ತನ್ನ ಕೆಲಸದಲ್ಲಿ ಅಷ್ಟು ಪ್ರಾಮಾಣಿಕವಾಗಿದ್ದದ್ದು ಕಂಡು ಅವನಿಗೆ ರೇಗಿತು. ಎಂಟು ತಿಂಗಳ ಹಿಂದೆ ಇಂಥದೇ ಇನ್ನೊಂದನ್ನು ಇದೇ ಕಾರಿಗೆ ಅವನೇ ಹಾಕಿದ್ದ. ಕಾರು ಹಲ್ಲಿನ ಡಾಕ್ಟರದು. ಬೇರೆಯವರ ದವಡೆಯನ್ನು ಕೈನಡುಗದೆ ಸೀಳುವ ಮನುಷ್ಯ, ತನ್ನ ಕಾರಿನ ಬಾನೆಟ್ ಎತ್ತಿದರೆ ಮಾತ್ರ ಹೆರಿಗೆ ಕೋಣೆಯ ಹೊರಗೆ ಕಾಯುವ ಗಂಡನ ಹಾಗೆ ಅತ್ತಿಂದಿತ್ತ ಓಡಾಡುತ್ತಾರೆ. ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೋ ಹಾಕಿಸಿ, ಕಾರಿನ ಕಂಪ್ಯೂಟರಿನಲ್ಲಿ ಲೆಕ್ಕ ಬದಲಿಸಿ ಎಂಜಿನ್ನಿನ ಶಕ್ತಿ ಏರಿಸಿದ ಗಾಡಿ. ಅಂಥ ಎಂಜಿನ್ನು ತಣ್ಣಗಿದ್ದಷ್ಟೂ ಚೆನ್ನಾಗಿ ಉಸಿರಾಡುತ್ತದೆ ಎಂದು ಮೇಸ್ತ್ರಿ ಎಲ್ಲೋ ಓದಿದ್ದ. ಓದಿದ್ದನ್ನು ಡಾಕ್ಟರ ಮುಂದೆ, ಗ್ಯಾರೇಜಿನ ಒಡತಿಯ ಮುಂದೆ, ತಾನೇ ಕಂಡುಹಿಡಿದವನ ಹಾಗೆ ಹೇಳಿದ್ದ. ಕಂಪನಿಯವರು ಹಾಕುವ ಎಂಬತ್ತೆಂಟು ಮುದುಕರಿಗೆ, ನಿಮಗೆ ಎಪ್ಪತ್ತೊಂದು, ಎಂದಾಗ ಡಾಕ್ಟರು ನಕ್ಕಿದ್ದರು. ಆಗ ಪಕ್ಕದಲ್ಲಿ ಸ್ಪ್ಯಾನರು ಒರೆಸುತ್ತ ನಿಂತಿದ್ದ ಹೆಂಡತಿಯ ತಮ್ಮ ತಲೆಯೆತ್ತಿ, ಡಾಕ್ಟರ ಮನೆಯಿಂದ ಆಸ್ಪತ್ರೆಗೆ ಬರೀ ಮೂರು ಕಿಲೋಮೀಟರು, ಬೆಳಗಿನ ಥಂಡಿಯಲ್ಲಿ ಎಂಜಿನ್ನು ಪೂರ್ತಿ ಕಾಯುವುದೇ ಇಲ್ಲವಲ್ಲ ಭಾವ, ಎಂದು ಕೇಳಿದ. ಮೆಲ್ಲಗೆ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ್ದು. ಮೇಸ್ತ್ರಿಗೆ ಕಿವಿ ಬಿಸಿಯಾಯಿತು. ಹೋಗಿ ಆಯಿಲ್ ಬದಲಾಯಿಸು, ಅದನ್ನಾದರೂ ನೆಟ್ಟಗೆ ಮಾಡು ಎಂದ. ಡಾಕ್ಟರು ಮತ್ತೆ ನಕ್ಕರು.

ಮೈದುನನ ಕೈ ಒಳ್ಳೆಯದು. ಅದು ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಎಂಜಿನ್ನಿನ ಸದ್ದು ಕೇಳಿ ಎಷ್ಟನೇ ಸಿಲಿಂಡರು ಎಳೆಯುತ್ತಿಲ್ಲ ಎಂದು ಹೇಳುತ್ತಿದ್ದ. ರಬ್ಬರಿನ ಪೈಪಿನ ಮೇಲೆ ಅಂಗೈ ಇಟ್ಟು ಇಷ್ಟು ಡಿಗ್ರಿ ಎಂದರೆ ಮೀಟರು ಆಮೇಲೆ ಅದನ್ನೇ ಒಪ್ಪುತ್ತಿತ್ತು. ಅದರ ಜೊತೆಗೆ ಮೈಮರೆವು. ಊಟದ ಡಬ್ಬಿಯನ್ನು ಗಿರಾಕಿಯ ಕಾರಿನಲ್ಲೇ ಬಿಟ್ಟು ಕಳಿಸುತ್ತಿದ್ದ, ಒಂದು ಸಲ ತನ್ನ ಚಪ್ಪಲಿಯನ್ನೂ. ಎಲ್ಲರೂ ಆಡಿಕೊಂಡು ನಗುತ್ತಿದ್ದರು, ಅವನೂ ಸೇರಿಕೊಳ್ಳುತ್ತಿದ್ದ. ಡಾಕ್ಟರ ಕಾರು ಹೆದ್ದಾರಿಯ ನಡುವೆ ಎಂಜಿನ್ನು ಕಚ್ಚಿಕೊಂಡು ನಿಂತು, ಅದನ್ನು ಎಳೆದು ತಂದು ಲಿಫ್ಟಿಗೇರಿಸಿದ ದಿನ ಆ ನಗೆಯೇ ಅವನ ಕುತ್ತಿಗೆಗೆ ಬಂತು. ಕೆಳಗಿನ ಬೋಲ್ಟು ಬಿಚ್ಚಿದಾಗ ಆಯಿಲ್ಲು ನೀರಿನಂತೆ ಸುರಿಯಿತು, ಪೆಟ್ರೋಲಿನ ವಾಸನೆ ಗಪ್ಪೆಂದು ಎದ್ದಿತು. ಕೊನೆಯ ಸಲ ಆಯಿಲ್ ಹಾಕಿದವರು ಯಾರು ಎಂದು ಒಡತಿ ಮೇಡಂ ಕೇಳಿದರು. ನಾನು ಎಂದ ಮೈದುನ. ಗೋಡೆಯ ಹಲಗೆಯ ಮೇಲೆ ಒಂದೇ ಥರದ ಎರಡು ಡಬ್ಬಗಳಿದ್ದವು, ಒಂದು ಆಯಿಲ್ ಸುರಿಯಲಿಕ್ಕೆ, ಇನ್ನೊಂದು ಬಿಡಿಭಾಗ ತೊಳೆಯುವ ಪೆಟ್ರೋಲಿಗೆ. ಮೇಡಂ ಆ ಡಬ್ಬಗಳ ಕಡೆ ನೋಡಿದರು. ಅವನೂ ನೋಡಿದ. ಎಂಟು ಜನರ ಎದುರಿಗೆ, ತನ್ನಷ್ಟಕ್ಕೆ ಹೇಳಿಕೊಳ್ಳುವವನ ಹಾಗೆ, ನಾನೇ ಮಾಡಿರಬೇಕು ಎಂದ.

ಆಗ ಮೇಸ್ತ್ರಿ ಕಾರಿನ ಅಡಿಯಲ್ಲಿದ್ದ. ಎರಡು ಬೆರಳಿನ ನಡುವೆ ಆ ಆಯಿಲ್ಲನ್ನು ಉಜ್ಜಿದ ಕ್ಷಣದಲ್ಲೇ ಅವನಿಗೆ ಗೊತ್ತಾಗಿತ್ತು. ಡಬ್ಬದಿಂದ ಬಂದ ಪೆಟ್ರೋಲಲ್ಲ ಇದು. ದಿನಾ ಬೆಳಿಗ್ಗೆ ಎಪ್ಪತ್ತೊಂದಕ್ಕೇ ಬಾಯಿಬಿಟ್ಟುಕೊಳ್ಳುವ ಥರ್ಮೋಸ್ಟಾಟಿನಿಂದಾಗಿ ಎಂಜಿನ್ನು ಎಂದೂ ನೆಟ್ಟಗೆ ಕಾದಿಲ್ಲ. ಇನ್ನೂ ತಣ್ಣಗಿದೆಯೆಂದು ನಂಬಿ ಕಂಪ್ಯೂಟರು ಹೆಚ್ಚು ಹೆಚ್ಚು ಪೆಟ್ರೋಲು ಕುಡಿಸಿದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಗುಂಟ ಜಾರಿ ತಿಂಗಳುಗಟ್ಟಲೆ ಆಯಿಲ್ಲಿಗೆ ಸೇರಿದೆ. ಇಷ್ಟೇ ಆಗಿದ್ದರೆ ಏನೋ. ಎಂಬತ್ತು ಡಿಗ್ರಿ ಮುಟ್ಟುವ ತನಕ ಟರ್ಬೋ ಪೂರ್ತಿ ಬಲ ಕೊಡಬಾರದು ಎಂಬ ಕಟ್ಟುಪಾಡೊಂದು ಆ ಕಂಪ್ಯೂಟರಿನಲ್ಲಿ ಇರುತ್ತದೆ. ಗಾಡಿ ಎಳೆಯುತ್ತಿಲ್ಲ ಎಂದು ಡಾಕ್ಟರು ಗೊಣಗಿದಾಗ, ಎಪ್ಪತ್ತೊಂದು ತಪ್ಪಾಯಿತು ಎಂದು ಒಪ್ಪಿಕೊಳ್ಳಲು ಮನಸ್ಸಾಗದೆ, ಆ ಎಂಬತ್ತನ್ನು ಅರವತ್ತೈದಕ್ಕೆ ಇಳಿಸಿದವನು ಮೇಸ್ತ್ರಿಯೇ. ನೀರಾದ ಆಯಿಲ್ಲು, ಕಾಯದ ಎಂಜಿನ್ನು, ಅದರ ಮೇಲೆ ಪೂರ್ತಿ ಬಲ. ಬೇರಿಂಗು ಎಷ್ಟು ದಿನ ತಡೆದೀತು. ಅವನು ಕಾರಿನ ಅಡಿಯಿಂದ ಎದ್ದು ಬಂದು ಬಟ್ಟೆಯ ಚೂರಿಗೆ ಕೈ ಒರೆಸತೊಡಗಿದ. ಒಂದೊಂದೇ ಬೆರಳು, ಉಗುರಿನ ಸಂದಿ, ಮಣಿಕಟ್ಟು. ಕೈ ಒರೆಸಿಕೊಂಡ ಮೇಲೆ ಹೇಳೋಣ ಎಂದುಕೊಂಡಿದ್ದ. ಒರೆಸಿ ಮುಗಿಯುವಷ್ಟರಲ್ಲಿ ಮಾತು ಮುಗಿದಿತ್ತು, ಮೈದುನ ಕೆಲಸದ ಕೋಟು ಬಿಚ್ಚಿ ಕೊನೆಯ ಸಲ ಮೊಳೆಗೆ ತಗುಲಿಸುತ್ತಿದ್ದ.

ನಾಲ್ಕು ತಿಂಗಳಾಯಿತು. ಇವತ್ತು ಎಂಜಿನ್ನು ಹೊಸದಾಗಿ ಕಟ್ಟಿಯಾಗಿದೆ, ಉಳಿದದ್ದು ಥರ್ಮೋಸ್ಟಾಟೊಂದೇ. ಎಪ್ಪತ್ತೊಂದು ಹಾಕಿದರೆ ಇದೂ ಅದೇ ದಾರಿ ಹಿಡಿಯುತ್ತದೆ. ಎಂಬತ್ತೆಂಟು ಹಾಕಿದರೆ ಹಿಂದಿನ ಸಲ ಯಾಕೆ ಹಾಕಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ, ಅದು ಹೊರಬಿದ್ದರೆ ಮೈದುನ ಬಿಡುಗಡೆಯಾಗುತ್ತಾನೆ. ಮೈದುನ ಇಲ್ಲಿಂದ ಹೋದಮೇಲೆ ಒಂದು ಗ್ಯಾರೇಜಿಗೆ ಸೇರಿದ್ದ. ಪ್ರತಿ ಡಬ್ಬವನ್ನೂ ಮೂರು ಮೂರು ಸಲ ಮೂಸಿ, ಬಿಗಿದ ಬೋಲ್ಟನ್ನೇ ಮತ್ತೆ ಬಿಚ್ಚಿ ಬಿಗಿದು, ಅರ್ಧ ದಿನ ಒಂದು ಪ್ಲಗ್ಗಿನ ಮುಂದೆ ಕಳೆಯುತ್ತಾನೆಂದು ಹದಿನೈದು ದಿನಕ್ಕೇ ಬಿಡಿಸಿದರು. ಈಗ ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುತ್ತಾನೆ. ಊರಾಚೆಯ ದೊಡ್ಡ ಗ್ಯಾರೇಜೊಂದು ಅವನ ಹಳೆಯ ಹೆಸರು ಕೇಳಿ ಕರೆದಿದೆ, ನಾಳೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು ಇದನ್ನೇ ಹೇಳಿದ್ದಳು. ನಾಲ್ಕು ಗಂಟೆಗೆ ಅವನು ನಿಮ್ಮಲ್ಲಿಗೆ ಬರುತ್ತಾನೆ, ಒಂದು ಮಾತು ಹೇಳಿ, ನೀವು ಹೇಳಿದರೆ ಕೇಳುತ್ತಾನೆ ಎಂದು. ನಿಮ್ಮ ಮುಖಕ್ಕೆ ಮಸಿ ಬಳಿದವನಿಗೆ ನೀವೇ ಹೇಳಬೇಕಾಗಿ ಬಂತಲ್ಲ ಎಂದೂ ಸೇರಿಸಿದಳು. ತಮ್ಮನ ಹೆಸರೆತ್ತಿದಾಗಲೆಲ್ಲ ಅವಳು ಗಂಡನೆದುರು ತಲೆ ತಗ್ಗಿಸುತ್ತಾಳೆ. ನಾಲ್ಕು ತಿಂಗಳು ಮೇಸ್ತ್ರಿ ಆ ತಗ್ಗಿದ ತಲೆಯನ್ನು ಕಾಣುತ್ತಲೇ ಉಂಡಿದ್ದಾನೆ, ಮಲಗಿದ್ದಾನೆ.

ಎಂಬತ್ತೆಂಟರದು ತಳಕ್ಕೆ ಬೀಳುವ ಹೊತ್ತಿಗೆ ಮೇಡಂ ಹಿಂದೆ ಬಂದು ನಿಂತಿದ್ದರು. ತಂದೆ ತೀರಿಕೊಂಡ ಮೇಲೆ ಗ್ಯಾರೇಜು ವಹಿಸಿಕೊಂಡವರು, ಮೇಸ್ತ್ರಿಗಿಂತ ಹತ್ತು ವರ್ಷ ಚಿಕ್ಕವರು. ಡಾಕ್ಟರು ಫೋನು ಮಾಡಿದ್ದರಂತೆ, ಹಿಂದಿನ ಸಲದ ತಣ್ಣನೆಯದನ್ನೇ ಹಾಕಲಿ ಎಂದರಂತೆ. ಮೇಸ್ತ್ರಿ ಕೈಬಟ್ಟೆಯಲ್ಲಿ ಎಂಬತ್ತೆಂಟನ್ನು ಎತ್ತಿಕೊಂಡು, ಇದನ್ನು ಹಾಕುತ್ತೇನೆ ಎಂದ. ಮೇಡಂ ಹುಬ್ಬೇರಿಸಿದರು.

"ಹೋದ್ಸಲ ಬೇರೇದು ಹಾಕಿದ್ರಲ್ಲ ಮೇಸ್ತ್ರಿ?"

ಕೇಳಿದ್ದು ಅಷ್ಟೇ. ಅನುಮಾನದ ಎಳೆಯೂ ಇರಲಿಲ್ಲ. ಈಗ ಹೇಳಿದರೆ ಒಂದು ನಿಮಿಷದ ಕೆಲಸ, ಆಮೇಲೆ ಏನಾದರಾಗಲಿ ಎಂದುಕೊಂಡ ಮೇಸ್ತ್ರಿ. ಇವರು ಬೈಯಬಹುದು, ಬೈಯದೆಯೂ ಇರಬಹುದು. ಇವರು ಬೈಯದೆ ಸುಮ್ಮನೆ ತನ್ನ ಮುಖ ನೋಡುವುದನ್ನು ಊಹಿಸಿಕೊಂಡಾಗ ಕೈಯಲ್ಲಿದ್ದ ಬಿಸಿ ಹಿತ್ತಾಳೆ ಬಟ್ಟೆಯ ಮೂಲಕ ಚುರ್ರೆಂದಿತು. ಹೊಸ ಎಂಜಿನ್ನು ಮೇಡಂ, ಬೇರಿಂಗು ಇನ್ನೂ ಬಿಗಿ, ಸ್ವಲ್ಪ ಬಿಸಿಯಲ್ಲೇ ಓಡಲಿ ಎಂದ. ಇಷ್ಟು ಸಲೀಸಾದ ಸುಳ್ಳು ತನ್ನ ಬಾಯಲ್ಲಿ ಎಲ್ಲಿ ಸಿದ್ಧವಾಗಿ ಕೂತಿತ್ತೋ ಅವನಿಗೇ ತಿಳಿಯಲಿಲ್ಲ. ನಿಮಗೆ ಸರಿ ಕಂಡದ್ದು ಮಾಡಿ, ಡಾಕ್ಟರಿಗೆ ನಾನು ಹೇಳುತ್ತೇನೆ ಎಂದು ಮೇಡಂ ಹೋದರು. ಅವರ ಚಪ್ಪಲಿಯ ಸದ್ದು ದೂರವಾಗುತ್ತಿದ್ದಂತೆ ಅವನಿಗೆ ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ನಾಚಿಕೆಯಾಯಿತು. ಆ ನಾಚಿಕೆಯೂ ಬಹಳ ಹೊತ್ತು ಉಳಿಯಲಿಲ್ಲ, ಕೆಲಸವಿತ್ತು.

ಥರ್ಮೋಸ್ಟಾಟು ಕೂರಿಸಿ, ಮುಚ್ಚಳದ ಎರಡು ಬೋಲ್ಟು ಬಿಗಿದು, ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿದ. ಪರದೆಯ ಮೇಲೆ ಆ ಅರವತ್ತೈದು ಇನ್ನೂ ಹಾಗೇ ಇತ್ತು, ಪಕ್ಕದಲ್ಲಿ ಬದಲಿಸಿದ ತಾರೀಖು, ಬದಲಿಸಿದವನ ಹೆಸರಿನ ಜಾಗದಲ್ಲಿ ಮೇಸ್ತ್ರಿಯದೇ ಗುರುತು. ಇಡೀ ಗ್ಯಾರೇಜಿನಲ್ಲಿ ಮೈದುನನ ಪರವಾಗಿ ಸಾಕ್ಷಿ ಹೇಳಬಲ್ಲದ್ದು ಅದೊಂದೇ ಅಂಕಿ ಎಂಬುದು ಅವನಿಗೆ ಹೊಳೆಯದೆ ಇರಲಿಲ್ಲ. ಅದನ್ನು ಅಳಿಸಿ ಎಂಬತ್ತು ಎಂದು ಒತ್ತಿದ, ಕಂಪನಿಯ ಅಂಕಿ ಮರಳಿದ್ದರಿಂದ ಪಕ್ಕದ ತಾರೀಖೂ ಗುರುತೂ ಮಾಯವಾದವು. ಹಳೆಯದನ್ನು ಬೇರೆ ಹೆಸರಿನಲ್ಲಿ ಉಳಿಸಬೇಕೋ, ಅದರ ಮೇಲೇ ಬರೆಯಬೇಕೋ ಎಂದು ಯಂತ್ರ ಕೇಳಿತು. ಯಂತ್ರವೂ ಕೇಳುತ್ತದಲ್ಲ ಎನ್ನಿಸಿತು. ಹಳೆಯದು ಉಳಿದರೆ ನಾಳೆ ಯಾರಾದರೂ ತಪ್ಪಾಗಿ ಅದನ್ನೇ ಹಾಕಿಬಿಟ್ಟಾರು, ಎಂಜಿನ್ನಿಗೆ ಅಪಾಯ, ಎಂದು ತನಗೇ ಕಾರಣ ಕೊಟ್ಟುಕೊಂಡು ಅದರ ಮೇಲೇ ಬರೆದ. ಕಾರಣ ಸುಳ್ಳೇನೂ ಆಗಿರಲಿಲ್ಲ.

ಮೈದುನ ನಾಲ್ಕಕ್ಕೆ ಐದು ನಿಮಿಷ ಮುಂಚೆಯೇ ಬಂದು ಗೇಟಿನ ಹೊರಗೆ ನಿಂತಿದ್ದ. ಒಳಗೆ ಬಾ ಎಂದು ಎರಡು ಸಲ ಕರೆಯಬೇಕಾಯಿತು. ಮೂವತ್ತನಾಲ್ಕರ ಗಂಡಸು, ಅಂಗಿಯ ಗುಂಡಿಗಳನ್ನೆಲ್ಲ ಕುತ್ತಿಗೆಯ ತನಕ ಹಾಕಿಕೊಂಡು, ಹೊಸ ಶಾಲೆಗೆ ಬಂದ ಹುಡುಗನ ಹಾಗೆ ಕಾಣುತ್ತಿದ್ದ. ಲಿಫ್ಟಿನ ಕಡೆ ನೋಡದೆ ನಡೆದು ಬಂದ. ಏನು ಮಾತಾಡುವುದೆಂದು ತೋಚದೆ, ರೇಡಿಯೇಟರಿಗೆ ಕೂಲಂಟು ಸುರಿಯೋ ಎಂದ ಮೇಸ್ತ್ರಿ, ಹಿಂದೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಹಾಗೆ. ಮೈದುನ ಡಬ್ಬ ಎತ್ತಿಕೊಂಡ. ಎಂಜಿನ್ನನ್ನು ತಂಪಿಡುವ ಹಸಿರು ನೀರು, ನೋಡಿದ ಕೂಡಲೇ ಗೊತ್ತಾಗುವಂಥದು, ಡಬ್ಬದ ಬಿರಡೆ ಕೂಡ ಒಡೆದಿರಲಿಲ್ಲ. ಬಿರಡೆ ಒಡೆದು ಮೂಸಿದ. ಅಂಗೈಗೆ ಒಂದಿಷ್ಟು ಸುರಿದುಕೊಂಡು ಮೂಸಿದ. ಕೈ ಒರೆಸಿಕೊಂಡು, ಒರೆಸಿದ ಕೈಯನ್ನು ಮೂಸಿದ. ಡಬ್ಬವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅದನ್ನು ಭಾವನ ಮುಂದೆ ಚಾಚಿ, ಇದೇ ತಾನೆ ಎಂದು ಕೇಳಿದ. ಪಕ್ಕದ ಕಾರಿನಡಿಯಿಂದ ಯಾರೋ ಕಿಸಕ್ಕೆಂದರು. ಹಿಂದೆ ಆ ನಗೆಯಲ್ಲಿ ಸೇರಿಕೊಳ್ಳುತ್ತಿದ್ದವನು ಈಗ ಕೇಳಿಸಲೇ ಇಲ್ಲವೆಂಬಂತೆ ಡಬ್ಬವನ್ನು ಚಾಚಿಕೊಂಡೇ ಇದ್ದ. ಇದನ್ನು ಮಾಡಿದವನು ನಾನು ಎಂದು ಮೇಸ್ತ್ರಿಗೆ ಅನ್ನಿಸಿದ್ದು ಆಗ. ಅದಕ್ಕೂ ಮೊದಲು ಅವನಿಗೆ ಗೊತ್ತಿತ್ತು, ಅನ್ನಿಸಿರಲಿಲ್ಲ.

"ಆ ಡಬ್ಬದಲ್ಲಿ ಪೆಟ್ರೋಲ್ ಇರ್ಲಿಲ್ಲ ಕಣೋ," ಎಂದ.

ಮೈದುನ ಕೈಯಲ್ಲಿದ್ದ ಡಬ್ಬವನ್ನು ನೋಡಿಕೊಂಡ. ಇದಲ್ಲ, ಅವತ್ತಿನದು ಎಂದು ಮೇಸ್ತ್ರಿ ಹೇಳತೊಡಗಿದ. ಡಬ್ಬವನ್ನು ಇಸಿದುಕೊಂಡು ತಾನೇ ರೇಡಿಯೇಟರಿಗೆ ಸುರಿದು, ಎಂಜಿನ್ನು ಚಾಲೂ ಮಾಡಿ, ಆ ಸದ್ದಿನ ಮರೆಯಲ್ಲಿ, ಬಾನೆಟ್ಟಿನ ಕೆಳಗೆ ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಹೇಳಿದ. ಎಪ್ಪತ್ತೊಂದು, ಮೂರು ಕಿಲೋಮೀಟರು, ಕಾಯದ ಎಂಜಿನ್ನು, ಅರವತ್ತೈದಕ್ಕೆ ಇಳಿಸಿದ್ದು, ಕಾರಿನಡಿಯಲ್ಲಿ ಎರಡು ಬೆರಳಿಗೆ ಗೊತ್ತಾದದ್ದು, ಕೈ ಒರೆಸುತ್ತ ನಿಂತದ್ದು. ನಾಲ್ಕು ತಿಂಗಳಿಂದ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟಿದ್ದರಿಂದ ಮಾತು ಎಲ್ಲೂ ತಡವರಿಸಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗಾಯಿತು. ಮುಗಿಸಿ ತಲೆಯೆತ್ತಿದಾಗ ಮೈದುನ ಪೈಪಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದ, ಅವನ ಕಣ್ಣುಗಳು ತುಂಬಿದ್ದವು. ಈಗ ಹೊಡೆಯುತ್ತಾನೆ, ಹೊಡೆಯಲಿ, ಎಂದುಕೊಂಡ ಮೇಸ್ತ್ರಿ.

"ಅಕ್ಕ ಹೇಳಿ ಕಳಿಸಿದ್ಲಾ ಭಾವ?"

"ಯಾರೂ ಹೇಳಿಲ್ಲ. ನಿಜ ಹೇಳ್ತಿದ್ದೀನಿ. ಬೆಳಿಗ್ಗೆ ಎಂಜಿನ್ ಕಾಯೋದೇ ಇಲ್ವಲ್ಲ ಅಂತ ಡಾಕ್ಟ್ರೆದುರಿಗೆ ನೀನೇ ಕೇಳಿದ್ದೆ. ನೆನಪಿಲ್ವಾ?"

"ನಾನಾ? ನನಗೆಲ್ಲಿ ಭಾವ ಅಷ್ಟು ತಲೆ." ಮೈದುನ ನಕ್ಕ, ತಪ್ಪು ಮಾಡಿ ಸಿಕ್ಕಿಬಿದ್ದವನ ನಗೆ. "ನನಗೆ ಚೆನ್ನಾಗಿ ನೆನಪಿರೋದು ವಾಸನೆ. ಸುರಿಯೋವಾಗ್ಲೇ ಪೆಟ್ರೋಲ್ ವಾಸನೆ ಬಂತು. ಏನೋ ಯೋಚನೇಲಿದ್ದೆ, ಸುರಿದುಬಿಟ್ಟೆ. ದಿನಾ ಮಲಗಿದ್ರೆ ಅದೇ ವಾಸನೆ."

ಅಂಥ ವಾಸನೆ ಬಂದಿರಲೇ ಇಲ್ಲ ಎಂದು ಮೇಸ್ತ್ರಿ ಹೇಳಿದ. ಎಪ್ಪತ್ತೊಂದು ಹಾಕಿದ ಎಷ್ಟು ಗಾಡಿ ಸುಖವಾಗಿ ಓಡುತ್ತಿಲ್ಲ ಎಂದು ಮೈದುನ ಮೆಲ್ಲಗೆ ವಾದಿಸಿದ. ಅವರಿಬ್ಬರಲ್ಲಿ ಒಬ್ಬ ತಪ್ಪನ್ನು ತನ್ನ ಕಡೆ ಎಳೆಯುತ್ತಿದ್ದ, ಇನ್ನೊಬ್ಬ ಬಿಡುತ್ತಿರಲಿಲ್ಲ. ಮೇಸ್ತ್ರಿಗೆ ಸಿಟ್ಟು ಬಂತು. ಬಾ ಇಲ್ಲಿ ಎಂದು ಅವನ ತೋಳು ಹಿಡಿದು ಲ್ಯಾಪ್‌ಟಾಪಿನ ಮುಂದೆ ಎಳೆದುಕೊಂಡು ಹೋಗಿ, ಬೆರಳು ಮುಂದಕ್ಕೆ ಚಾಚಿದ. ಚಾಚಿದ ಮೇಲೆ ನೆನಪಾಯಿತು. ಮೈದುನ ಬಗ್ಗಿ, ಪರದೆಯನ್ನು ಅಕ್ಷರ ಕಲಿಯುವವನ ಹಾಗೆ ಎಚ್ಚರದಿಂದ ಓದಿದ.

"ಎಂಬತ್ತೇ ಇದೆಯಲ್ಲ ಭಾವ."

ನಾನೇ ಅಳಿಸಿದೆ, ಇವತ್ತು ಮಧ್ಯಾಹ್ನ, ಎಂದ ಮೇಸ್ತ್ರಿ. ಆ ಮಾತು ಅವನ ಕಿವಿಗೇ ಸುಳ್ಳಿನ ಹಾಗೆ ಕೇಳಿಸಿತು. ಮೈದುನ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಗೋದಾಮಿನ ಪೆಟ್ಟಿಗೆ ಹೊತ್ತು ಅಂಗೈ ಒರಟಾಗಿತ್ತು, ಆಯಿಲ್ಲಿನ ಕಪ್ಪು ಪೂರ್ತಿ ಹೋಗಿ ಚೊಕ್ಕಟವಾಗಿತ್ತು. ನನಗೋಸ್ಕರ ನೀವು ಸುಳ್ಳು ಹೇಳುವ ಹಾಗಾಯಿತಲ್ಲ ಎಂದ. ಆ ಗ್ಯಾರೇಜಿಗೆ ಹೋಗುವುದಿಲ್ಲವೆಂದು ಬೆಳಿಗ್ಗೆಯೇ ತಿಳಿಸಿಬಿಟ್ಟಿದ್ದೇನೆ, ಅದನ್ನು ಹೇಳಲಿಕ್ಕೇ ಬಂದೆ, ಪೆಟ್ಟಿಗೆಯಾದರೆ ಬಿದ್ದರೂ ಎತ್ತಿಡಬಹುದು ಎಂದ. ಅಷ್ಟು ಹೊತ್ತಿಗೆ ಮೇಡಂ ತಮ್ಮ ಕೋಣೆಯ ಬಾಗಿಲಿಗೆ ಬಂದು, ಹಳಬನನ್ನು ಕಂಡು ಸಂಕೋಚದಿಂದ ಕೈಯೆತ್ತಿದರು. ಹತ್ತು ಹೆಜ್ಜೆ ದೂರ. ಮೇಡಂ ಒಂದು ನಿಮಿಷ ಎಂದರೆ ಸಾಕಿತ್ತು. ಅವರ ಎದುರಿಗೆ ಹೇಳಿದರೆ ಮೈದುನ ನಂಬಲೇಬೇಕಾಗುತ್ತಿತ್ತು, ಯಾಕೆಂದರೆ ಸಮಾಧಾನಕ್ಕಾಗಿ ಯಾರೂ ಯಜಮಾನರ ಮುಂದೆ ತಮ್ಮ ಅನ್ನ ಕಳೆದುಕೊಳ್ಳುವುದಿಲ್ಲ. ಮೇಸ್ತ್ರಿಗೆ ಅದು ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು. ಅವನು ಬಗ್ಗಿ ರೇಡಿಯೇಟರಿನ ಮುಚ್ಚಳ ತಿರುಗಿಸಿ ಭದ್ರ ಮಾಡಿದ. ನಾನು ಹೇಳಬೇಕಾದವನಿಗೆ ಹೇಳಿಯಾಯಿತಲ್ಲ, ಅವನೇ ನಂಬದಿದ್ದರೆ ನಾನೇನು ಮಾಡಲಿ ಎಂದು ಅವನ ಮನಸ್ಸಿನ ಯಾವುದೋ ಮೂಲೆ ಆಗಲೇ ವಕಾಲತ್ತು ಶುರುಮಾಡಿತ್ತು. ಮೈದುನ ಮೇಡಂಗೆ ನಮಸ್ಕಾರ ಹೇಳಿ, ಗೋದಾಮಿಗೆ ಹೊತ್ತಾಯಿತೆಂದು, ಗೋಡೆಯ ಪಕ್ಕಕ್ಕೇ ನಡೆದು ಗೇಟು ದಾಟಿದ.

ಸಂಜೆ ಡಾಕ್ಟರು ಬಂದು ಕಾರು ಒಯ್ದರು. ಎಂಬತ್ತೆಂಟು ಎಂದಾಗ ಮುದುಕರ ಸಾಲಿಗೆ ಸೇರಿಸಿದಿರಲ್ಲ ಎಂದು ನಕ್ಕರು, ಮೇಸ್ತ್ರಿಯೂ ನಕ್ಕ. ಮನೆಗೆ ನಡೆದು ಬರುವಾಗ ಹೆಂಡತಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದ. ಅವಳಾದರೆ ನಂಬುತ್ತಾಳೆ, ತಮ್ಮನನ್ನು ಎತ್ತಿ ಆಡಿಸಿದವಳು, ನಂಬಲೇಬೇಕು. ಹೇಳುವ ಮೊದಲ ವಾಕ್ಯವನ್ನು ರಸ್ತೆಯುದ್ದಕ್ಕೂ ಹೊಂದಿಸಿಕೊಂಡು ಬಂದ. ಬಾಗಿಲು ತೆರೆದವಳ ಮುಖ ಬೆಳಗಿನದಾಗಿರಲಿಲ್ಲ. ಅವಳು ಕೈಕಾಲು ತೊಳೆಯಲು ನೀರು ತೋಡಿಟ್ಟಿದ್ದಳು, ಮೇಜಿನ ಮೇಲಿನ ಸಾಮಾನು ಸರಿಸಿ ತಟ್ಟೆ ಹಾಕಿದ್ದಳು. ಬಡಿಸುವಾಗ ನಾಲ್ಕು ತಿಂಗಳಲ್ಲಿ ಮೊದಲ ಸಲ ತಲೆ ತಗ್ಗಿಸದೆ ಅವನ ಮುಖ ನೋಡಿದಳು. ತಮ್ಮ ಫೋನು ಮಾಡಿದ್ದನಂತೆ. ಅತ್ತನಂತೆ.

"ಎಲ್ಲಾ ಹೇಳ್ದ. ಅವನ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಂಡು ಸಮಾಧಾನ ಮಾಡಿದ್ರಂತೆ," ಎಂದಳು. "ಒಡಹುಟ್ಟಿದೋಳು ನಾನೇ ಅವನನ್ನ ಹೊಸಿಲು ತುಳೀಬೇಡ ಅಂದಿದ್ದೆ. ನಿಮಗಿರೋ ಮನಸ್ಸು ನನಗಿಲ್ಲದೆ ಹೋಯ್ತು."

ಸೆರಗಿನಿಂದ ಮೂಗೊರೆಸಿಕೊಂಡು, ಬಿಸಿ ಆರುತ್ತದೆ ಊಟ ಮಾಡಿ ಎಂದು ಅವನ ಹೆಗಲ ಮೇಲೆ ಕೈಯಿಟ್ಟಳು. ಕೈ ಬೆಚ್ಚಗಿತ್ತು. ಅವನು ಹೊಂದಿಸಿಕೊಂಡು ಬಂದಿದ್ದ ಮೊದಲ ವಾಕ್ಯ ನಾಲಿಗೆಯ ಮೇಲೇ ಇತ್ತು. ಈಗ ಅದನ್ನು ಹೇಳಿದರೆ ಅವಳೂ ತಮ್ಮನ ಹಾಗೆ ನಂಬದೆ ಕೈಹಿಡಿದುಕೊಂಡಾಳು, ಇಲ್ಲವೇ ನಂಬಿ ಹೆಗಲಿನ ಕೈ ತೆಗೆದಾಳು. ಯಾವುದಾದೀತೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಒಂದು ತುತ್ತು ಬಾಯಿಗಿಟ್ಟ. ಹಸಿವಿತ್ತು. ಎರಡನೇ ತುತ್ತು, ಮೂರನೇ ತುತ್ತು ಇಳಿದವು. ತಟ್ಟೆ ಖಾಲಿಯಾದಾಗ ಅವಳು ಇನ್ನೂ ಅವನನ್ನೇ ನೋಡುತ್ತ ನಿಂತಿದ್ದಳು.

"ಇನ್ನೊಂದು ಸ್ವಲ್ಪ ಹಾಕು," ಎಂದ.